ಮಳೆ ಸಮುದ್ರದ ಪಾಯಿಂಟು

ಚಂದ್ರ ಬರುವ ಮೊದಲೇ ಚಂದ್ರ ಬಂದನೆಂದು ಹೇಳಿದ್ದೇ ಗುರುಬಸವರಾಜ ಮಾಡಿದ ತಪ್ಪು. ಅದೂ ಸಂಕಷ್ಟಿಯ ದಿನ, ಬೆಳಗಿನಿಂದ ಉಪವಾಸವಿದ್ದ ಹೆಂಡತಿಗೆ.

ಪ್ರಮೀಳಾ ಗಣಪತಿಗೆ ಗರಿಕೆ ಏರಿಸಿ, ಅಡುಗೆ ಮುಗಿಸಿ, "ರೀ, ಚಂದ್ರ ಬಂದ್ನಾ ನೋಡ್ರಿ" ಎಂದು ಒಳಗಿನಿಂದ ಕೂಗಿದ್ದಳು. ಗುರುಬಸವರಾಜ ಹಜಾರದ ಕುರ್ಚಿಯಲ್ಲಿ ಕೂತು, ಮೊಬೈಲಿನಲ್ಲಿ ಆ ಹೊತ್ತಿಗೆ ಚಂದ್ರನ ಮೇಲೆಯೇ ಅಡ್ಡಾಡುತ್ತಿದ್ದ. ತಲೆ ಎತ್ತದೆ "ಹೂಂ, ಬಂದಿದಾನೆ" ಎಂದ. ಅವಳು ಅರ್ಘ್ಯದ ತಂಬಿಗೆ ಹಿಡಿದು ತಾರಸಿ ಹತ್ತಿದಳು. ಆಕಾಶದ ತುಂಬ ಮೋಡ. ಮೋಡದ ಕೆಳಗೆ ಒಂದು ಕಡೆ ಬೆಳ್ಳಗೆ ಏನೋ ಹೊಳೆಯುತ್ತಿತ್ತು. ಗಂಡ ಹೇಳಿದ್ದಾನಲ್ಲ ಎಂದು ಅದಕ್ಕೇ ಅರ್ಘ್ಯ ಬಿಟ್ಟು, ಕೈ ಮುಗಿದು, ಕೆಳಗಿಳಿದು ಊಟಕ್ಕೆ ಕೂತಳು. ಎರಡನೇ ತುತ್ತಿಗೆ ಸರಿಯಾಗಿ ಪಕ್ಕದ ಮನೆಯ ತಿಪ್ಪಮ್ಮ ಬಂದರು.

"ಅಯ್ಯೋ, ಉಣ್ಣಾಕೆ ಕುಂತೇಬಿಟ್ಯಾ? ಚಂದ್ರ ಇನ್ನೂ ಹುಟ್ಟೇ ಇಲ್ಲಲ್ಲೇ! ನೀನು ಕೈ ಮುಗ್ದಿದ್ದು ಹೊಸಾ ಪೆಟ್ರೋಲ್ ಬಂಕಿನ ಲೈಟಿಗೆ ಕಣೆ. ನಮ್ಮ ತಾರಸಿ ಮ್ಯಾಲಿಂದ ನಾನು ನೋಡ್ತಾನೇ ಇದ್ದೆ."

ನೋಡುತ್ತಿದ್ದವರು ಅಲ್ಲಿಂದಲೇ ಒಂದು ಕೂಗು ಹಾಕಬಹುದಿತ್ತು. ಆದರೆ ಎರಡನೇ ತುತ್ತಿನವರೆಗೆ ಕಾಯುವಷ್ಟು ತಾಳ್ಮೆ ತಿಪ್ಪಮ್ಮನವರಿಗೆ ಇತ್ತು.

ಬೆಳಗಾಗುವಷ್ಟರಲ್ಲಿ, ಪೆಟ್ರೋಲ್ ಬಂಕಿಗೆ ಅರ್ಘ್ಯ ಬಿಟ್ಟ ಸುದ್ದಿ ಬೀದಿಯ ಕೊನೆ ಮುಟ್ಟಿತ್ತು. ಪ್ರಮೀಳಾ ಬ್ಯಾಗು ಹಿಡಿದು ಬಸ್‌ಸ್ಟ್ಯಾಂಡು ಮುಟ್ಟಿದ್ದಳು. "ಆ ಚಂದ್ರನ ಜೊತೆನೇ ಸಂಸಾರ ಮಾಡ್ರಿ. ಸವತಿ ಇರೋ ಮನೇಲಿ ನಾನಿರಲ್ಲ" ಎನ್ನುವುದು ಅವಳು ಹೋಗುವಾಗ ಆಡಿದ ಮಾತು.

ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ಗುರುಬಸವರಾಜ ನ್ಯಾಮತಿಯಲ್ಲಿ ಹುಟ್ಟಿ, ಹೊನ್ನಾಳಿಯಲ್ಲಿ ಓದಿ, ಚನ್ನಗಿರಿಯಲ್ಲಿ ಕನ್ನಡಕದ ಅಂಗಡಿ ಇಟ್ಟು, ಜಗಳೂರು ಕಡೆಯ ಹೆಣ್ಣು ತಂದವನು. ಅವನ ಪ್ರಪಂಚ ಅಷ್ಟಕ್ಕೇ ಮುಗಿದಿತ್ತು. ಕನ್ನಡಕದ ಅಂಗಡಿಗೆ ಜನ ಬರುವುದು ಕಣ್ಣು ಪೂರ್ತಿ ಕೈಕೊಟ್ಟ ಮೇಲೆ. ಅಲ್ಲಿಯವರೆಗೆ ಅಂಗಡಿಯವನಿಗೆ ಬಿಡುವೋ ಬಿಡುವು. ಅಂಥ ಒಂದು ಬಿಡುವಿನಲ್ಲಿ ಚಂದ್ರನ ನಕಾಶೆಯ ಆಪ್ ಅವನ ಕೈಗೆ ಸಿಕ್ಕಿತು. ಎರಡು ಬೆರಳಿನಿಂದ ಹಿಗ್ಗಿಸಿದರೆ ಸಾಕು, ಗುಂಡಿಯೊಳಗೆ ಗುಂಡಿ, ಅದರೊಳಗೊಂದು ಬೆಟ್ಟ, ಬೆಟ್ಟದ ನೆರಳು ಎಲ್ಲ ಕಾಣುತ್ತಿತ್ತು. ಉಂಡೆಯಂತೆ ತಿರುಗಿಸಿದರೆ ಬರಿಗಣ್ಣಿಗೆ ಎಂದೂ ಕಾಣದ ಬೆನ್ನೂ ಸಿಗುತ್ತಿತ್ತು. ಹರಿಹರ ದಾಟಿ ಹೋಗದ ಮನುಷ್ಯ ಕೂತಲ್ಲೇ ಚಂದ್ರನ ಬೆನ್ನು ಸವರುವುದೆಂದರೇನು! ಅವನು ಅದರಲ್ಲಿ ಮುಳುಗಿಹೋದ. "ಸಾರಿಗೆ ಉಪ್ಪು ಹೆಂಗೈತ್ರಿ?" ಎಂದು ಹೆಂಡತಿ ಕೇಳಿದರೆ "ಇಲ್ಲೊಂದು ಭಾರಿ ಗುಂಡಿ ಐತೆ" ಎನ್ನುವ ಮಟ್ಟಕ್ಕೆ ಮುಳುಗಿದ.

ಅವಳು ಹೋದ ಮೇಲೆ ಮನೆ ಬಿಕೋ ಎಂದಿತು. ಮೊದಲ ವಾರ ಹೋಟೆಲಿನ ಇಡ್ಲಿ, ಎರಡನೇ ವಾರ ಸ್ವಂತ ಕೈಯ ಉಪ್ಪಿಟ್ಟು, ಮೂರನೇ ವಾರಕ್ಕೆ ಪ್ರಮೀಳಾ ಇಲ್ಲದೆ ತಾನು ಬದುಕುವುದಿಲ್ಲ ಎನ್ನುವುದು ಖಾತ್ರಿಯಾಯಿತು. ಅದು ಬರೀ ಉಪ್ಪಿಟ್ಟಿನ ಮಾತಲ್ಲ. ಜಗಳವಾಡಲಿಕ್ಕೂ ಯಾರೂ ಇಲ್ಲದ ಮನೆಯಲ್ಲಿ ಚಂದ್ರನೂ ಸಪ್ಪೆಯಾಗಿದ್ದ. ಫೋನು ಹಚ್ಚಿದ.

"ಮೊದ್ಲು ಆ ಚಂದ್ರನ್ನ ಮೊಬೈಲಿಂದ ತೆಗೀರಿ. ಆಮೇಲೆ ಕರ್ಕೊಂಡು ಹೋಗಾಕೆ ಬರ್ರಿ" ಎಂದಳು.

"ತೆಗ್ದೆ."

"ಆಣೆಗೂ?"

"ನಿನ್ನಾಣೆಗೂ."

ಫೋನಿಟ್ಟ ಮೇಲೆ ನಿಜವಾಗಿಯೂ ತೆಗೆಯಲು ಹೋದ. ಬೆರಳು ಆ ಗುಂಡನೆಯ ಚಿತ್ರದ ಮೇಲೆ ಬಂದು ನಿಂತಿತು, ಒತ್ತಲಿಲ್ಲ. ಊರಿಂದ ಬಂದ ಮೇಲೆ ತೆಗೆದರಾಯಿತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು, ಭಾನುವಾರ ಮುಂಜಾನೆ ಜಗಳೂರಿನ ಬಸ್ಸು ಹತ್ತಿದ.

ಮಾವನ ಊರಿನಲ್ಲಿ ಬಸ್ಸಿಳಿದು ನೋಡಿದರೆ, ಮನೆಯ ಮುಂದೆ ಆನೆಯಷ್ಟು ದೊಡ್ಡ ಬೋರ್‌ವೆಲ್ ಲಾರಿ ನಿಂತಿತ್ತು. ಮಾವ ಶಿವಮೂರ್ತಪ್ಪ ಮೇಲಿನ ಹೊಲಕ್ಕೆ ಬೋರು ಹಾಕಿಸುವವರಿದ್ದರು. ದಾಳಿಂಬೆ ಇಡಬೇಕೆನ್ನುವುದು ಅವರ ಬಹುದಿನದ ಆಸೆ. ಲಾರಿ ಬಂದಿತ್ತು, ಪೂಜೆಗೆ ಹಣ್ಣುಕಾಯಿ ಬಂದಿತ್ತು, ನೋಡಲು ಅರ್ಧ ಊರು ಬಂದಿತ್ತು. ಬರಬೇಕಾದ ಇನ್ನೊಬ್ಬನೂ ಬಂದಿದ್ದ, ಆದರೆ ಅವನು ಬಂದ ರೀತಿ ಮಾತ್ರ ಸರಿ ಇರಲಿಲ್ಲ.

ಅವನು ಬೀರಲಿಂಗಪ್ಪ. ಆ ಸುತ್ತಿನಲ್ಲಿ ಯಾರ ಹೊಲದಲ್ಲಿ ಬೋರು ಹಾಕಿಸಿದರೂ ಎಲ್ಲಿ ಕೊರೆಯಬೇಕೆನ್ನುವ ಪಾಯಿಂಟು ಅವನದೇ. ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ಬರಿಗಾಲಲ್ಲಿ ಹೊಲ ಸುತ್ತುತ್ತಾನೆ. ನೀರಿದ್ದ ಜಾಗದಲ್ಲಿ ಕಾಯಿ ಎದ್ದು ನಿಲ್ಲುತ್ತದೆ. ಆ ಬೀರಲಿಂಗಪ್ಪ ಹಿಂದಿನ ಸಂಜೆ ಬೈಕಿನಿಂದ ಬಿದ್ದು, ಬಲಗೈಗೆ ಬ್ಯಾಂಡೇಜು ಸುತ್ತಿಸಿಕೊಂಡು, ಕತ್ತಿಗೆ ಜೋಳಿಗೆ ಕಟ್ಟಿಕೊಂಡು ಜಗುಲಿಯ ಮೇಲೆ ಕೂತಿದ್ದ.

"ಎಡಗೈಲಿ ಹಿಡಿಯಪ್ಪ" ಎಂದರು ಶಿವಮೂರ್ತಪ್ಪ.

"ಎಡಗೈಲಿ ಕಾಯಿ ಏಳಲ್ಲ ಯಜಮಾನ್ರೆ. ಎದ್ರೂ ನೀರು ಉಪ್ಪು ಬರ್ತೈತೆ."

"ಬ್ಯಾರೆಯೋರು ಯಾರಾದ್ರೂ ಹಿಡಿದ್ರೆ?"

"ಹಿಡೀಲಿ. ನಾಳೆ ನನ್ನ ಕೇಳ್ಬ್ಯಾಡ್ರಿ."

ಲಾರಿಯವರು ತಮಿಳುನಾಡಿನ ಕಡೆಯವರು. ಸಂಜೆಗೆ ಇನ್ನೊಂದು ಊರಿಗೆ ಹೋಗಬೇಕೆಂದು ಡ್ರೈವರ್ ಆಗಾಗ ಇಂಜಿನ್ನು ಗುರುಗುಡಿಸಿ ನೆನಪು ಮಾಡುತ್ತಿದ್ದ. ಇಂಥ ಹೊತ್ತಿನಲ್ಲಿ ಮನೆಗೆ ಬಂದ ಅಳಿಯನನ್ನು ಯಾರು ವಿಚಾರಿಸುತ್ತಾರೆ? ಅತ್ತೆ ಕೊಟ್ರಮ್ಮ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಂದು ಮುಂದಿಟ್ಟು, "ಉಣ್ರಿ ಅಳಿಯಂದ್ರೆ, ಇವತ್ತು ನಿಮ್ಮ ಮಾವಾರ ತಲಿ ಸರಿ ಇಲ್ಲ" ಎಂದು ಒಳಗೆ ಹೋದರು. ಪ್ರಮೀಳಾ ಬಾಗಿಲ ಮರೆಯಿಂದ ಒಮ್ಮೆ ಇಣುಕಿದಳು. ಮುಖದಲ್ಲಿ ಅಷ್ಟೇನೂ ಸಿಟ್ಟಿರಲಿಲ್ಲ. ಗುರುಬಸವರಾಜನಿಗೆ ಬಜ್ಜಿ ರುಚಿಸಿತು.

ಧೈರ್ಯ ಮಾಡಿ ಮಾವನ ಮುಂದೆ ವಿಷಯ ತೆಗೆದ.

"ಮಾವಾರೆ, ಪ್ರಮೀಳಾನ ಕರ್ಕೊಂಡು ಹೋಗಾಣಂತ ಬಂದೆ."

"ನೋಡ್ರಿ ಅಳಿಯಂದ್ರೆ" ಎಂದರು ಶಿವಮೂರ್ತಪ್ಪ, ಲಾರಿಯ ಕಡೆಯೇ ನೋಡುತ್ತ. "ನೀರು ಬಿತ್ತು ಅಂದ್ರೆ ಇವತ್ತೇ ಕಳಿಸ್ತೀನಿ, ಉಡಿ ತುಂಬಿ ಕಳಿಸ್ತೀನಿ. ಬೀಳ್ಲಿಲ್ಲ ಅಂದ್ರೆ ನನ್ನ ಮನಸ್ಸು ಸರಿ ಇರಲ್ಲ. ಮುಂದಿನ ತಿಂಗ್ಳು ನೋಡಾಣ."

ಹೆಂಡತಿಗೂ ಅಂತರ್ಜಲಕ್ಕೂ ಹೀಗೆ ಗಂಟು ಬೀಳುತ್ತದೆಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ. ಇನ್ನೊಂದು ತಿಂಗಳ ಉಪ್ಪಿಟ್ಟು ಕಣ್ಣ ಮುಂದೆ ಬಂತು. ಮನಸ್ಸು ತಿಳಿಯಾಗಲೆಂದು ಹಿತ್ತಲಿಗೆ ಹೋದ. ಮನಸ್ಸು ತಿಳಿಯಾಗಲು ಅವನಿಗೆ ಗೊತ್ತಿದ್ದುದು ಒಂದೇ ದಾರಿ. ಬಣವೆಯ ಮರೆಗೆ ನಿಂತು, ಆಚೆ ಈಚೆ ನೋಡಿ, ಮೊಬೈಲು ತೆಗೆದ.

ಬೂದಿ ಬಣ್ಣದ ನೆಲ ಕಣ್ಣ ಮುಂದೆ ಹರಡಿಕೊಂಡಿತು. ಬೆರಳಿನಿಂದ ಒಂದಿಷ್ಟು ಸರಿಸಿ, ಒಂದಿಷ್ಟು ಹಿಗ್ಗಿಸಿ, ಆಹಾ ಎನ್ನುವಷ್ಟರಲ್ಲಿ ಹಿಂದಿನಿಂದ ಬೀಡಿಯ ವಾಸನೆ ಬಂತು.

"ಏನ್ರಿ ಇದು ಅಳಿಯಂದ್ರೆ, ನೆಲ ಕಂಡಂಗೈತಲ್ಲ?"

ಓಬಳೇಶ. ಪಕ್ಕದ ಹೊಲದವನು; ಪಂಚಾಯ್ತಿಯ ಮಾಜಿ ಮೆಂಬರು. ಮೆಂಬರಗಿರಿ ಹೋದರೂ ಎಲ್ಲರ ಹೆಗಲ ಮೇಲಿಂದ ಇಣುಕುವ ಅಧಿಕಾರ ಅವನಲ್ಲೇ ಉಳಿದಿತ್ತು. ಅವನು ಪರದೆಗೆ ಮೂಗು ತಾಗಿಸಿ, ಅಲ್ಲಿದ್ದ ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಕೂಡಿಸಿ ಓದಿದ. "ಸೀ... ಆಫ್... ರೈನ್ಸ್. ಸಮುದ್ರ, ಮಳೆ. ಮಳೆ ಸಮುದ್ರ! ಅಲ್ರಿ, ನೆಲದಾಗೆ ನೀರು ಎಲ್ಲೈತೆ ಅಂತ ತೋರ್ಸೋ ಆಪಾ ಇದು?"

ಗುರುಬಸವರಾಜ ಬಾಯಿ ತೆರೆದ. ಇದು ಚಂದ್ರ ಕಣಪ್ಪ, ಅಲ್ಲಿ ಸಮುದ್ರ ಎಂದು ಹೆಸರಿಟ್ಟ ಜಾಗದಲ್ಲಿ ಒಂದು ಹನಿಯೂ ಇಲ್ಲ, ಬರೀ ಒಣ ಬಯಲು ಎಂದು ಹೇಳಬೇಕು. ಅಷ್ಟರಲ್ಲಿ ಹಿತ್ತಲ ಬಾಗಿಲು ಕಿರ್ರೆಂದಿತು. ಪ್ರಮೀಳಾ ಅಕ್ಕಿ ತೊಳೆದ ನೀರು ಚೆಲ್ಲಲು ಬಂದು ಹೊಸ್ತಿಲಲ್ಲೇ ನಿಂತಿದ್ದಳು. ಅವಳ ಮುಂದೆ ಚಂದ್ರನ ಹೆಸರು ಎತ್ತುವುದೆಂದರೆ ಆಣೆ, ಸಂಸಾರ ಎರಡನ್ನೂ ಆ ನೀರಿನ ಜೊತೆಗೇ ಚೆಲ್ಲಿದಂತೆ.

"ಹೂಂ" ಎಂದ.

ಒಂದು ಹೂಂ ಸಂಕಷ್ಟಿಯ ದಿನ ಅವನ ಮನೆ ಕೆಡಿಸಿತ್ತು. ಇನ್ನೊಂದು ಹೂಂ ಈಗ ಅವನನ್ನು ಎತ್ತಿ ಊರ ನಡುವೆ ನಿಲ್ಲಿಸಿತು.

ಓಬಳೇಶ ಬೀಡಿ ಎಸೆದು, "ಶಿವಮೂರ್ತಣ್ಣಾ, ಪಾಯಿಂಟು ಮನ್ಯಾಗೇ ಇಟ್ಕಂಡು ಊರೆಲ್ಲಾ ಹುಡುಕ್ತಿದೀರಲ್ಲಾ!" ಎಂದು ಕೂಗುತ್ತ ಓಡಿದ. ಗುರುಬಸವರಾಜ ಹಿತ್ತಲಿನಿಂದ ಅಂಗಳಕ್ಕೆ ಬರುವಷ್ಟರಲ್ಲಿ ಸುದ್ದಿ ಬೆಳೆದಿತ್ತು. ಅಳಿಯಂದಿರ ಮೊಬೈಲಿನಲ್ಲಿ ಭೂಮಿಯೊಳಗಿನ ಸೆಲೆಯೆಲ್ಲ ಕಾಣುತ್ತದಂತೆ. ಮೇಲಿನಿಂದ ಸ್ಯಾಟಲೈಟು ನೋಡಿ ಹೇಳುತ್ತದಂತೆ. ಚನ್ನಗಿರಿ ಕಡೆ ತೋಟದವರೆಲ್ಲ ಅವರನ್ನೇ ಕರೆಯುತ್ತಾರಂತೆ. ಚನ್ನಗಿರಿಯಲ್ಲಿ ಕಣ್ಣು ಕಾಣದವರ ಹೊರತು ಮತ್ತಾರೂ ಅವನನ್ನು ಕರೆದದ್ದಿಲ್ಲ.

"ಹೌದೇನ್ರಿ ಅಳಿಯಂದ್ರೆ?" ಶಿವಮೂರ್ತಪ್ಪನವರ ದನಿಯಲ್ಲಿ ಮದುವೆಯ ದಿನವೂ ಇರದಿದ್ದ ಮರ್ಯಾದೆ ಇತ್ತು. "ತೋರಿಸ್ರಿ ನೋಡಾಣ."

ಮೊಬೈಲು ಕೈಯಿಂದ ಕೈಗೆ ಹೋಯಿತು. ಶಿವಮೂರ್ತಪ್ಪ ಅಳಿಯನೇ ಹಬ್ಬಕ್ಕೆಂದು ಕೊಟ್ಟಿದ್ದ ಕನ್ನಡಕ ಏರಿಸಿಕೊಂಡರು. ಅದರ ನಂಬರು ಸ್ವಲ್ಪ ಹೆಚ್ಚುಕಮ್ಮಿ ಎನ್ನುವುದು ಕೊಟ್ಟವನಿಗೆ ಗೊತ್ತಿತ್ತು. "ಕಾಣ್ತೈತೆ! ನೀರು ಅಲುಗಾಡೋದೂ ಕಾಣ್ತೈತೆ!" ಎಂದರು ಮಾವ. ಉಳಿದವರಿಗೂ ಕಾಣತೊಡಗಿತು.

"ಇವೆಲ್ಲ ದುಂಡಕೆ ಇರೋವು ಏನ್ರಿ?" ಒಬ್ಬರು ಕೇಳಿದರು.

"ಗುಂಡಿಗಳು" ಎಂದ ಗುರುಬಸವರಾಜ. ಇದರಲ್ಲಾದರೂ ಸುಳ್ಳಿರಲಿಲ್ಲ.

"ಹಳೇ ಬಾವಿಗಳು ಅಂತಾರಪ್ಪ" ಎಂದು ಓಬಳೇಶ ಎಲ್ಲರಿಗೂ ಅರ್ಥ ಬಿಡಿಸಿದ.

ಬೀರಲಿಂಗಪ್ಪ ಮಾತ್ರ ಜಗುಲಿಯಿಂದ ಏಳಲಿಲ್ಲ. "ತೆಂಗಿನಕಾಯಿಗೆ ಮೂರು ಕಣ್ಣು ಐತೆ. ಆ ಡಬ್ಬಿಗೆ ಎಷ್ಟೈತೆ ಕೇಳ್ರಿ" ಎಂದ. ಗುರುಬಸವರಾಜನ ಮೊಬೈಲಿನ ಹಿಂದೆಯೂ ಮೂರು ಕ್ಯಾಮೆರಾ ಇದ್ದವು. ಓಬಳೇಶ ಅದನ್ನು ತಿರುಗಿಸಿ ತೋರಿಸಿದ ಮೇಲೆ ಬೀರಲಿಂಗಪ್ಪನೂ ಜಗುಲಿಯಿಂದ ಎದ್ದು ಬಂದ.

ಮೆರವಣಿಗೆ ಹೊಲಕ್ಕೆ ಹೊರಟಿತು. ಮುಂದೆ ಮೊಬೈಲು ಹಿಡಿದ ಅಳಿಯ, ಹಿಂದೆ ಮಾವ, ಅವರ ಹಿಂದೆ ಓಬಳೇಶ, ಆಮೇಲೆ ಊರು, ಎಲ್ಲರ ಹಿಂದೆ ಲಾರಿ. ಹೊಲದ ಬದುವಿನಲ್ಲಿ ಶಿವಮೂರ್ತಪ್ಪ, "ಚಪ್ಪಲಿ ಬಿಡ್ರಿ. ಪಾಯಿಂಟು ನೋಡೋರು ಮೆಟ್ಟು ಹಾಕ್ಕಳಂಗಿಲ್ಲ" ಎಂದರು. ಪೇಟೆಯ ಕಾಲು ಬಿಸಿ ನೆಲದ ಮೇಲೆ ಹೆಜ್ಜೆಗೊಂದು ಕುಣಿತ ಹಾಕುತ್ತ ಹೊರಟಿತು.

ಗುರುಬಸವರಾಜನಿಗೆ ಎಲ್ಲಿ ನಿಲ್ಲಬೇಕೋ ತಿಳಿಯಲಿಲ್ಲ. ಪರದೆಯ ಮೇಲೆ ಕಪ್ಪಗಿನ ಒಂದು ಬಯಲಿನ ಮೇಲೆ ಬೆರಳಿಟ್ಟುಕೊಂಡು ಮೂಡಲಿಗೆ ನಡೆದ, ಪಡುವಲಿಗೆ ನಡೆದ. ಅವನು ತಿರುಗಿದ ಕಡೆ ಊರೇ ತಿರುಗಿತು. ಒಂದು ಸಲ ಬೆವರು ಒರೆಸಿಕೊಳ್ಳಲು ನಿಂತ. ಓಬಳೇಶ ಕಲ್ಲು ಎತ್ತಿಕೊಂಡು ಬಂದ. "ಇಲ್ಲ, ಇಲ್ಲ" ಎಂದು ಮುಂದೆ ಹೋದ. ಇಲ್ಲಿ ಬೇಡ, ಅಲ್ಲಿ ಬೇಡ ಎನ್ನುತ್ತ ಬಿಸಿಲು ಇಳಿಯುವವರೆಗೆ ನಡೆದರೆ ಲಾರಿಯವನೇ ಬೇಸತ್ತು ಹೋಗುತ್ತಾನೆ ಎಂದು ಒಳಗೊಳಗೇ ಲೆಕ್ಕ ಹಾಕುತ್ತಿದ್ದ. ಅಷ್ಟರಲ್ಲಿ ಎಡಗಾಲಿಗೆ ನೆಗ್ಗಿಲ ಮುಳ್ಳು ಚುಚ್ಚಿತು.

"ಅಯ್ಯಯ್ಯೋ!" ಎಂದು ಒಂಟಿ ಕಾಲಲ್ಲಿ ಜಿಗಿದ.

"ಬಂತು! ಬಂತು! ಮೈಮೇಲೇ ಬಂತು ನೋಡ್ರಿ!" ಜನ ಕೂಗಿದರು. ಅವನು ಕಾಲು ಊರುವ ಮೊದಲೇ ಓಬಳೇಶ ಅಲ್ಲಿ ಕಲ್ಲು ಊರಿದ. ಶಿವಮೂರ್ತಪ್ಪ ಕಲ್ಲಿಗೆ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಅಳಿಯನ ಕಡೆ ತಿರುಗಿ ಕೈ ಮುಗಿದರು. ಅಳಿಯ ಇನ್ನೂ ಮುಳ್ಳು ಕೀಳುತ್ತಿದ್ದ.

ಲಾರಿಯ ಡ್ರೈವರ್ ಇಳಿದು ಬಂದು ಕಲ್ಲನ್ನು ನೋಡಿದ, ನೆಲವನ್ನು ಕಾಲಿನಿಂದ ಒದ್ದು ನೋಡಿದ, ತಲೆ ಆಡಿಸಿದ. "ಇಲ್ಲಿ ಆಗಲ್ಲ ಸಾರ್. ಮಣ್ಣು ಲೂಸು. ಗಾಡಿ ಹೂತ್‌ಕೊಂಡು ಹೋಗುತ್ತೆ. ಆ ಕಡೆ ಗಟ್ಟಿ ಐತೆ, ಅಲ್ಲಿ ಹಾಕೋಣ."

"ಅಳಿಯಂದ್ರೆ, ಅಷ್ಟು ಸರಿದ್ರೆ ನಡಿತೈತಾ?" ಎಂದರು ಮಾವ ಆತಂಕದಿಂದ.

"ನಡಿತೈತೆ ಮಾವಾರೆ. ಸಮುದ್ರ ಅಂದ್ಮೇಲೆ ಅಷ್ಟು ಅಗಲ ಇದ್ದೇ ಇರ್ತೈತಲ್ಲ."

ಮಾತು ಎಲ್ಲರಿಗೂ ಸರಿ ಎನ್ನಿಸಿತು. ಲಾರಿ ತನಗೆ ಬೇಕಾದ ಜಾಗದಲ್ಲಿ ನಿಂತು, ಕಾಲು ಊರಿ, ಕಂಬ ಎತ್ತಿತು.

ಆಮೇಲೆ ಧೂಳು. ಮೊದಲು ಕೆಂಪು ಧೂಳು, ಅದರ ಹಿಂದೆ ಬಿಳಿ ಧೂಳು, ಕಲ್ಲು ಸಿಕ್ಕ ಮೇಲೆ ಬೂದು ಧೂಳು. ರಾಡಿನ ಮೇಲೆ ರಾಡು ಇಳಿಯಿತು. ಬೇವಿನ ಮರ, ಜೋಳದ ದಂಟು, ಜನರ ತಲೆ, ಕೊಟ್ರಮ್ಮ ಹೊತ್ತು ತಂದ ಬುತ್ತಿಯ ಬಟ್ಟೆ ಎಲ್ಲದರ ಮೇಲೂ ಬೂದು ಪುಡಿ ಕೂತು, ಹೊಲಕ್ಕೆ ಹೊಲವೇ ಗುರುಬಸವರಾಜನಿಗೆ ಚೆನ್ನಾಗಿ ಪರಿಚಯವಿದ್ದ ಆ ಇನ್ನೊಂದು ಊರಿನ ಹಾಗೆ ಕಂಡಿತು. ಬೇರೆ ದಿನವಾಗಿದ್ದರೆ ಅವನಿಗೆ ಖುಷಿಯಾಗುತ್ತಿತ್ತು.

ಮಧ್ಯಾಹ್ನ ತಿರುಗಿತು. ಧೂಳು ಧೂಳಾಗಿಯೇ ಇತ್ತು. ಜನ ಈಗ ಬೋರಿನ ಬಾಯಿ ನೋಡುವುದನ್ನು ಬಿಟ್ಟು ಅಳಿಯನ ಮುಖ ನೋಡತೊಡಗಿದರು. "ನಾನೇನೂ ಖಾತ್ರಿ ಅಂದಿರ್ಲಿಲ್ಲಪ್ಪ. ಆಪು ಅಂದ್ರೆ ಆಪು, ಬರ್ತೈತೆ, ಹೋಗ್ತೈತೆ" ಎಂದು ಓಬಳೇಶ ಮೆಲ್ಲಗೆ ಅವನಿಂದ ದೂರ ಹೋಗಿ ನಿಂತ. ಬೇವಿನ ಮರದ ಕೆಳಗೆ ಬೀರಲಿಂಗಪ್ಪ ಪೂಜೆಯ ಕಾಯಿಯ ಚೂರನ್ನು ಎಡಗೈಯಲ್ಲಿ ಹಿಡಿದು ನೆಮ್ಮದಿಯಾಗಿ ಮೆಲ್ಲುತ್ತಿದ್ದ. ಶಿವಮೂರ್ತಪ್ಪ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಳ್ಳದೆ ಜೇಬಿಗಿಟ್ಟರು. ಅದನ್ನು ನೋಡಿ ಗುರುಬಸವರಾಜ ಮುಖ ಬೇರೆ ಕಡೆ ತಿರುಗಿಸಿದ. ಹಿರಿಯರು ಪಾಪ, ಎಷ್ಟು ನಂಬಿದ್ದರು.

ಮಜ್ಜಿಗೆಯ ಲೋಟ ಹಿಡಿದು ಪ್ರಮೀಳಾ ಬಂದಳು. ಅವನು ಮೊಬೈಲನ್ನು ಬೆನ್ನ ಹಿಂದೆ ಸರಿಸಿದ.

"ತೋರಿಸ್ರಿ, ನಾನೂ ನೋಡ್ತೀನಿ" ಎಂದು ಕೈ ಚಾಚಿದಳು.

ಕೊಡದೆ ವಿಧಿಯಿರಲಿಲ್ಲ. ಅವಳು ನೋಡಿದಳು, ಸೆರಗಿನಿಂದ ಪರದೆಯ ಧೂಳು ಒರೆಸಿ ಮತ್ತೊಮ್ಮೆ ನೋಡಿದಳು. "ಎಲ್ಲಿ ಬೆರಳಿಟ್ಟಿದ್ರಿ?"

"ಇಲ್ಲಿ."

"ಏನಿದು?"

"ಮಳೆ ಸಮುದ್ರ."

"ಹೌದಾ" ಎಂದಳು, ಫೋನು ವಾಪಸು ಕೊಟ್ಟಳು. ತುಟಿಯ ಕೊನೆ ಒಂದಿಷ್ಟು ಅಲುಗಿದಂತಾಯಿತು. ಧೂಳಿಗೆ ಇರಬೇಕು.

ಗುರುಬಸವರಾಜನಿಗೆ ಇನ್ನು ತಡೆಯಲಾಗಲಿಲ್ಲ. ಸುಳ್ಳು ಆಣೆ ಮಾಡಿ, ಮಾವನ ಹೊಲ ತೂತು ಮಾಡಿಸಿ, ಊರ ಮುಂದೆ ತಲೆ ಬಗ್ಗಿಸಿ ನಿಂತದ್ದಾಯಿತು. ಇನ್ನು ಹೆಂಡತಿಯ ಮುಂದಾದರೂ ನಿಜ ಹೇಳಿಬಿಡಬೇಕು. ಬಂದರೆ ಬರಲಿ, ಬಿಟ್ಟರೆ ಬಿಡಲಿ.

"ಪ್ರಮೀಳಾ, ಆ ಆಪು ಐತಲ್ಲ, ಅದು ಖರೆ ಅಂದ್ರೆ..."

ಬುಸ್ಸೆಂದು ಸದ್ದಾಯಿತು. ಧೂಳಿನ ಬಣ್ಣ ಒಮ್ಮೆಗೇ ಕಪ್ಪಾಯಿತು, ಒದ್ದೆಯಾಯಿತು, ಅದರ ಬೆನ್ನಿಗೇ ಕೆಸರು ನೀರು ಲಾರಿಯ ಕಂಬದ ಎತ್ತರಕ್ಕೆ ಚಿಮ್ಮಿ ಎಲ್ಲರ ಮೇಲೆ ಬಿತ್ತು. ಊರಿಗೆ ಊರೇ ಕುಣಿಯಿತು. ಶಿವಮೂರ್ತಪ್ಪ ನೆನೆದ ಪಂಚೆಯಲ್ಲೇ ಓಡಿ ಬಂದು ಅಳಿಯನನ್ನು ತಬ್ಬಿಕೊಂಡರು. "ಮೂರು ಇಂಚು ನೀರು! ನಾನು ಹೇಳ್ಲಿಲ್ವಾ!" ಎಂದು ಓಬಳೇಶ ದೂರದಿಂದ ಹತ್ತಿರಕ್ಕೆ ಬಂದ. ಮಾತಾಡಬೇಕೆಂದು ತೆರೆದಿದ್ದ ಗುರುಬಸವರಾಜನ ಬಾಯೊಳಗೆ ಕೆಸರು ಹೋಗಿತ್ತು. ಅವನು ಅದರ ಜೊತೆ ನಿಜವನ್ನೂ ನುಂಗಿದ.

ಗದ್ದಲದ ನಡುವೆ ಡ್ರೈವರ್ ಅವನ ಪಕ್ಕಕ್ಕೆ ಬಂದು ಕಿವಿಯಲ್ಲಿ ಹೇಳಿದ: "ಸಾರ್, ನಿಮ್ಮ ಕಲ್ಲು ಅಲ್ಲೇ ಐತೆ. ನೀರು ಬಂದಿದ್ದು ನನ್ನ ಗಾಡಿ ನಿಂತ ಕಡೆ. ನಾನು ಯಾರಿಗೂ ಹೇಳಲ್ಲ, ಬಿಡಿ." ಒಳ್ಳೆಯ ಮನುಷ್ಯ, ಹೇಳಿದ ಹಾಗೆ ಯಾರಿಗೂ ಹೇಳಲಿಲ್ಲ.

ಮನೆಯಲ್ಲಿ ಹೋಳಿಗೆ ಊಟ. ಕೊಟ್ರಮ್ಮ ಅಳಿಯನಿಗೆ ಆರತಿ ಎತ್ತಿದರು, ಆಮೇಲೆ ಮೊಬೈಲಿಗೂ ಎತ್ತಿದರು. ಪರದೆಯ ನಟ್ಟನಡುವೆ ಕುಂಕುಮ ಇಟ್ಟರು. ಚೆಂಡುಹೂವು ಏರಿಸಿದರು. ಪ್ರಮೀಳಾ ಬ್ಯಾಗು ತುಂಬಿಕೊಂಡು ಉಡಿ ತುಂಬಿಸಿಕೊಳ್ಳಲು ಕೂತಾಗ ಗುರುಬಸವರಾಜನಿಗೆ ಕಣ್ಣು ತುಂಬಿ ಬಂತು. ಇಷ್ಟು ಸುಖದಲ್ಲಿ ದಿನ ಮುಗಿಯುತ್ತದೆಂದು ಬೆಳಿಗ್ಗೆ ಯಾರಿಗೆ ಗೊತ್ತಿತ್ತು!

ಹೊರಡುವ ಹೊತ್ತಿಗೆ ಅವನು ಮೊಬೈಲಿಗೆ ಕೈ ಹಾಕಿದ. ಶಿವಮೂರ್ತಪ್ಪ ಕೈ ಹಿಡಿದರು.

"ಅಳಿಯಂದ್ರೆ, ಒಂದು ಮಾತು. ಇದು ಇಲ್ಲೇ ಇರ್ಲಿ."

"ಎಲ್ಲಿ?"

"ದೇವರ ಮನೇಲಿ. ಬೀರಲಿಂಗಪ್ಪನೂ ಒಪ್ಪಿದಾನೆ. ಕೈ ವಾಸಿ ಆದ್ಮೇಲೆ ಒಂದು ಕೈಲಿ ಕಾಯಿ, ಒಂದು ಕೈಲಿ ಇದು. ಓಬಳೇಶಂದು ಮುಂದಿನ ವಾರ, ಆಮ್ಯಾಲೆ ಕೆಳಗಿನ ಕೇರಿಯೋರ್ದು. ನಮ್ಮ ಕಡೆ ನೀರಿನ ಕಷ್ಟ ನಿಮಗೆ ಗೊತ್ತಿಲ್ದೇ ಇಲ್ಲ. ಮನೆ ಮಗಳ್ನೇ ನಿಮಗೆ ಕೊಟ್ಟೀನಿ, ಒಂದು ಮೊಬೈಲು ನೀವು ಕೊಡಲ್ವಾ?"

ಗುರುಬಸವರಾಜ ಮೊಬೈಲು ನೋಡಿದ. ಹೂವಿನ ಸಂದಿಯಿಂದ ಚಂದ್ರನ ಒಂದು ಮಗ್ಗುಲು ಇಣುಕುತ್ತಿತ್ತು. ಬಾಗಿಲಲ್ಲಿ ಮಡಿಲಕ್ಕಿ ಕಟ್ಟಿಕೊಂಡು ನಿಂತ ಪ್ರಮೀಳಾಳನ್ನು ನೋಡಿದ.

"ಕೊಡ್ರಿ ಅಪ್ಪಾರಿಗೆ" ಎಂದಳು ಅವಳು, ಬಹಳ ಮೃದುವಾಗಿ. "ಅದೇನು ದೊಡ್ಡದು."

ಅವನು ಸಿಮ್ಮು ತೆಗೆದುಕೊಂಡು ಚಂದ್ರನನ್ನು ಬಿಟ್ಟುಕೊಟ್ಟ. ಮಾವ ಬರಿಗೈಯಲ್ಲಿ ಕಳಿಸಬಾರದೆಂದು ತಮ್ಮ ಹಳೇ ಬಟನ್ ಮೊಬೈಲು ಕೊಟ್ಟರು. "ಟಾರ್ಚು ಭಾಳ ಚೆನ್ನಾಗೈತೆ" ಎಂದರು. ದಾರಿಯುದ್ದಕ್ಕೂ ಗುರುಬಸವರಾಜನಿಗೆ ಬೇಸರಕ್ಕಿಂತ ಹೆಚ್ಚಾಗಿ ಹಗುರವೇ ಆಯಿತು. ಸುಳ್ಳು ಆಣೆ ಈಗ ತಾನಾಗಿಯೇ ನಿಜವಾಗಿತ್ತು. ಚಂದ್ರ ಹೋದ, ಹೆಂಡತಿ ಬಂದಳು. ಇನ್ನು ಮನೆಯಲ್ಲಿ ಊಟದ ಹೊತ್ತಿಗೆ ಮಾತುಕತೆ, ಉಪ್ಪು ಹೆಂಗೈತೆ ಎಂದರೆ ಸರಿಯಾದ ಉತ್ತರ.

ದಾವಣಗೆರೆಯಲ್ಲಿ ಬಸ್ಸು ಬದಲಾಯಿಸಿದರು. ಎಡಗಡೆ ಕಿಟಕಿಯ ಸೀಟು ಸಿಕ್ಕಿತು. ಸಂಜೆ ಮಬ್ಬಾಗುತ್ತಿದ್ದಂತೆ ಪ್ರಮೀಳಾ ಬ್ಯಾಗಿನಿಂದ ತನ್ನ ಮೊಬೈಲು ತೆಗೆದಳು. ತಾಯಿಗೆ ಬಸ್ಸು ಸಿಕ್ಕ ಸುದ್ದಿ ಹೇಳುತ್ತಾಳೆಂದು ಅವನು ಸುಮ್ಮನಿದ್ದ. ಆದರೆ ಅವಳ ಮುಖದ ಮೇಲೆ ಬೂದು ಬೆಳಕೊಂದು ಬಿತ್ತು. ಅವನಿಗೆ ಎಲ್ಲೋ ನೋಡಿದ ಬೆಳಕು ಎನ್ನಿಸಿತು. ಬಗ್ಗಿ ನೋಡಿದ. ಗುಂಡಿಯೊಳಗೆ ಗುಂಡಿ, ಅದರೊಳಗೊಂದು ಬೆಟ್ಟ.

"ಇದು... ನಿನ್ ಹತ್ರ ಹೆಂಗೆ ಬಂತು?"

"ಸವತಿ ಮುಖ ಹೆಂಗೈತೆ ನೋಡಾಣಂತ ಊರಿಗೆ ಹೋದ ವಾರನೇ ಹಾಕ್ಕಂಡೆ. ಭಾಳ ಚೆಂದ ಐತೆ ಕಣ್ರಿ. ನಿಮ್ದು ತಪ್ಪಿಲ್ಲ."

"ಹಂಗಾದ್ರೆ ಹೊಲದಾಗೆ ನಿನಗೆ ಗೊತ್ತಾಯ್ತಾ?"

"ಗೊತ್ತಾಗ್ದೆ ಏನು? ನೀವು ಬೆರಳಿಟ್ಟಿದ್ದು ಮಳೆ ಸಮುದ್ರನೂ ಅಲ್ಲ. ಅದು ಮೋಡದ ಸಮುದ್ರ, ಕೆಳಗಡೆ ಬರ್ತೈತೆ. ಮಳೆ ಸಮುದ್ರ ಮ್ಯಾಲೆ ಎಡಕ್ಕೆ ಐತೆ, ನೋಡ್ರಿ."

ನೋಡಿದ. ಅವಳು ಹೇಳಿದ್ದೇ ಸರಿ.

"ಮತ್ತೆ ಅಲ್ಲೇ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಅಪ್ಪಾರು ನಿಮ್ ಜೊತೆ ಕಳಿಸ್ತಿದ್ರಾ? ನನಗೂ ಅಲ್ಲಿ ಸಾಕಾಗಿತ್ತು."

ಅವನ ಮನಸ್ಸು ತುಂಬಿ ಬಂತು. ಅದರ ಬೆನ್ನಿಗೇ ಇನ್ನೊಂದು ಅನುಮಾನ ಬಂತು. "ಎಲ್ಲಾ ಗೊತ್ತಿದ್ದು, ನನ್ ಮೊಬೈಲು ಕೊಡ್ರಿ ಅಂದ್ಯಲ್ಲ, ಯಾಕೆ?"

"ಒಂದು ಮನೆಗೆ ಎರಡು ಚಂದ್ರ ಯಾಕ್ರಿ?" ಎಂದು ಅವಳು ಮತ್ತೆ ಪರದೆಗೆ ಬಗ್ಗಿದಳು.

"ಒಂಚೂರು ಕೊಡು, ನೋಡಿ ಕೊಡ್ತೀನಿ."

"ಇರ್ರಿ."

ಸಂತೇಬೆನ್ನೂರು ಬಂತು, ಹೋಯಿತು. ಹೊಟ್ಟೆ ಹಸಿಯುತ್ತಿತ್ತು. "ಹೋಳಿಗೆ ಬುತ್ತಿ ಬಿಚ್ಚೋಣೇನೆ?" ಎಂದು ಕೇಳಿದ.

"ಇಲ್ಲೊಂದು ಭಾರಿ ಗುಂಡಿ ಐತೆ" ಎಂದಳು.

ಗುರುಬಸವರಾಜ ಬಟನ್ ಮೊಬೈಲಿನ ಟಾರ್ಚು ಒಮ್ಮೆ ಹಚ್ಚಿದ, ಆರಿಸಿದ. ಟಾರ್ಚು ಚೆನ್ನಾಗಿಯೇ ಇತ್ತು. ಬೇರೆ ಏನೂ ತೋಚದೆ ಕಿಟಕಿಯಿಂದ ಆಚೆ ನೋಡಿದ. ಹುಣ್ಣಿಮೆ ಹತ್ತಿರವಿತ್ತು. ತೋಟಗಳ ಮೇಲೆ, ಪೆಟ್ರೋಲ್ ಬಂಕು ಗಿಂಕು ಏನೂ ಇಲ್ಲದ ಕಡೆ, ನಿಜವಾದ ಚಂದ್ರ ದೊಡ್ಡದಾಗಿ ಏರುತ್ತಿದ್ದ. ಹೆಂಡತಿಯ ಜೊತೆ ಅವನನ್ನು ಸರಿಯಾಗಿ ನೋಡಿ ಎಷ್ಟೋ ಕಾಲವಾಗಿತ್ತು ಎಂದು ಅವನಿಗೆ ಅನ್ನಿಸಿತು.

"ಪ್ರಮೀಳಾ, ಚಂದ್ರ ಬಂದ ನೋಡೇ."

"ಹೂಂ, ಬಂದಿದಾನೆ" ಎಂದಳು ಅವಳು, ತಲೆ ಎತ್ತದೆ.